ಎರಡು ದಿನದ ಮುಯ್ಯಿ

ನನ್ನ ಗಂಡ ಚಂದ್ರಶೇಖರ ಅವರ ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಶಾಮಿಯಾನದವರು ಬಂದು ಕುರ್ಚಿಗಳನ್ನು ಹೊತ್ತುಕೊಂಡು ಹೋದರು. ನಾದಿನಿ ಅತ್ತೆಯನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ ಮನೆಯಲ್ಲಿ ಎದ್ದವಳು ನಾನೊಬ್ಬಳೇ. ಅಂದು ಬುಧವಾರ.

ಆ ಬುಧವಾರಕ್ಕೆ ಚಂದ್ರಶೇಖರ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ನಮ್ಮ ಸರದಿ. ಜಾವಳಿಯಲ್ಲಿ ಸಣ್ಣ ತೋಟದ ಒಂಬತ್ತು ಮನೆಯವರು ಕಾಫಿ ಕೊಯ್ಲಿಗೆ ಮುಯ್ಯಾಳು ಮಾಡಿಕೊಂಡಿದ್ದೇವೆ. ಇವತ್ತು ನಮ್ಮ ತೋಟಕ್ಕೆ ಅವರು ಬಂದರೆ, ಅವರವರ ಸರದಿಯ ದಿನ ನಮ್ಮ ಮನೆಯಿಂದ ಒಬ್ಬರು ಹೋಗಬೇಕು. ಕೂಲಿಯಿಲ್ಲ. ಬೆಳಗಿನ ತಿಂಡಿ ಮಾತ್ರ ತೋಟದವರದು.

ಆರು ಗಂಟೆಗೇ ಎಂಟು ಜನಕ್ಕೆ ಅಕ್ಕಿ ರೊಟ್ಟಿ ತಟ್ಟಲು ಕೂತೆ. ಕಾಯಿ ಚಟ್ನಿ ರುಬ್ಬಿದೆ. ಒಂದಾದ ಮೇಲೊಂದು ರೊಟ್ಟಿ, ಏನನ್ನೂ ಯೋಚಿಸಬೇಕಾಗಿರಲಿಲ್ಲ.

ಏಳೂವರೆಗೆ ಮಣ್ಣುರಸ್ತೆಯಲ್ಲಿ ಮಾತು, ನಗು ಕೇಳಿಸಿತು. ನಮ್ಮ ಗೇಟಿನ ಹತ್ತಿರ ಮಾತು ನಿಂತಿತು. ಚಪ್ಪಲಿಗಳ ಸದ್ದು ಮಾತ್ರ ಗೇಟು ದಾಟಿ ಮುಂದೆ ಹೋಯಿತು. ತಿರುವು ಕಳೆದ ಮೇಲೆ ಯಾರೋ ಮತ್ತೆ ನಕ್ಕರು.

ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಶುಕ್ರವಾರದವರೆಗೂ ಅವನ್ನೇ ತಿಂದೆ.

ಶನಿವಾರ ಓಂಕಾರಮೂರ್ತಿಯವರು ಬಂದರು. ಊರೊಟ್ಟು ಟ್ರಸ್ಟಿನ ಅಧ್ಯಕ್ಷರು. ಊರಿನ ದುಡಿಮೆಯ ಫಲ ಊರಲ್ಲೇ ಉಳಿಯಬೇಕು ಎಂದು ಹತ್ತು ವರ್ಷದ ಹಿಂದೆ ಶುರು ಮಾಡಿದ ಟ್ರಸ್ಟು ಅದು. ಮುಯ್ಯಾಳಿನ ಸರದಿ ನೋಡಿಕೊಳ್ಳುವುದು, ಬಣಕಲ್‌ನಲ್ಲಿ ಎಲ್ಲರ ಕಾಫಿಯನ್ನು ಒಟ್ಟಿಗೆ ಹುರಿದು ಪುಡಿ ಮಾರುವುದು ಅದರ ಕೆಲಸ. ಚಂದ್ರಶೇಖರ ಬೋರ್ಡಿನಲ್ಲಿದ್ದರು. ಅವರು ಕೊಟ್ಟಿಗೆಹಾರದ ತಿರುವಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡದ್ದು ಟ್ರಸ್ಟಿನ ಮೀಟಿಂಗ್ ಮುಗಿಸಿ ಬರುವಾಗಲ್ಲ, ಸುಮ್ಮನೆ ತಿರುಗಾಡಲು ಹೋದಾಗ. ಆದರೂ ಓಂಕಾರಮೂರ್ತಿಯವರು ತಮ್ಮದೇ ತಪ್ಪೆಂಬಂತೆ ನನ್ನ ಮುಖ ನೋಡದೆ ಮಾತಾಡಿದರು.

"ಚಂದ್ರು ಜಾಗ ಖಾಲಿ ಇದೆ ಕಣಮ್ಮ. ನೀವು ಎಕನಾಮಿಕ್ಸ್ ಎಂ.ಎ. ಮಾಡ್ದೋರು. ನೀವೇ ಕೂತ್ಕೊಳ್ಳಿ. ಸೋಮವಾರ ಬಣಕಲ್ಲಿಗೆ ಬನ್ನಿ."

ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ಮುಯ್ಯಾಳಿನ ಬಗ್ಗೆ ಎರಡು ಪುಟ ಬರೆದುಕೊಟ್ಟವಳು ನಾನು. ಕೊಯ್ಲಿಗೆ ಮಾತ್ರ ಒಂದು ದಿನವೂ ಹೋದವಳಲ್ಲ. ಅದಕ್ಕೆ ಚಂದ್ರಶೇಖರ ಹೋಗುತ್ತಿದ್ದರು.

ಸೋಮವಾರ ಹೋದೆ. ಪುಡಿ ಅಂಗಡಿಯ ಮೇಲಿನ ಕೋಣೆ. ಓಂಕಾರಮೂರ್ತಿಯವರು, ಕಾರ್ಯದರ್ಶಿ ರೇವತಿ, ಮತ್ತೆ ನಮ್ಮ ತೋಟದಾಚೆ ಮುಕ್ಕಾಲು ಎಕರೆ ಕಾಫಿ ಇರುವ ಗಿಡ್ಡಮ್ಮ. ಮೂವರೂ ಎದ್ದು ನಿಂತರು. ನಾನು ಕೂತ ಮೇಲೆ ಕೂತರು.

"ಹೆಸರು ಬರ್ದಾಗಿದೆ. ಸಹಿ ಹಾಕಿದ್ರಾಯ್ತು," ಎಂದು ಓಂಕಾರಮೂರ್ತಿಯವರು ಕಾಗದ ಸರಿಸಿದರು.

"ಬರ್ದಾದ್ಮೇಲೆ ಅವ್ರನ್ನ ಕೇಳೋದು ಎಂತಕ್ಕೆ ಮಾರಾಯ್ರೆ?" ಎಂದರು ಗಿಡ್ಡಮ್ಮ.

ನಾನು ಪೆನ್ನು ತೆಗೆದುಕೊಂಡೆ. ಸಹಿ ಹಾಕಲಿಲ್ಲ.

"ಹೋದ ಬುಧವಾರ ನಮ್ಮ ಸರದಿ ಇತ್ತು," ಎಂದೆ.

ರೇವತಿ ಕಿಟಕಿಯ ಕಡೆ ನೋಡಿದಳು. ಓಂಕಾರಮೂರ್ತಿಯವರು ಗಂಟಲು ಸರಿಮಾಡಿಕೊಂಡರು.

"ನಿಮ್ಗೆ ತೊಂದ್ರೆ ಕೊಡೋದು ಬ್ಯಾಡ ಅಂತ ಬಿಟ್ವಿ. ಸಾವಾದ ಮನೆಯವರನ್ನ ಮುಯ್ಯಿ ಕೇಳೋ ಪದ್ಧತಿ ಇಲ್ವಲ್ಲ. ಚಂದ್ರು ಬರ್ಬೇಕಾಗಿದ್ದ ದಿನಾನೂ ಬಿಟ್ಟಾಯ್ತು. ನಿಮ್ಮ ಹಣ್ಣಿಗೆ ನಾನು ಮೂಡಿಗೆರೆಯಿಂದ ಜೀಪಲ್ಲಿ ಆಳು ಕಳಿಸ್ತೀನಿ, ಚಿಂತೆ ಮಾಡ್ಬೇಡಿ."

"ಅವರು ಯಾರ ತೋಟಕ್ಕೆ ಬರಬೇಕಾಗಿತ್ತು?"

"ನನ್ನ ತೋಟಕ್ಕೆ," ಎಂದರು ಗಿಡ್ಡಮ್ಮ. "ಎರಡು ದಿನ. ನಿಮ್ಮ ತೋಟದ ಮೊದಲ್ನೇ ಕೊಯ್ಲಲ್ಲಿ, 'ಹಣ್ಣು ಉದುರ್ತಿದೆ, ಸರದಿ ಬಿಟ್ಟು ಎರಡು ದಿನ ಹೆಚ್ಚಿಗೆ ಬನ್ನಿ, ಆಮೇಲೆ ನಾನು ಬಂದು ತೀರಿಸ್ತೀನಿ' ಅಂದಿದ್ರು ಚಂದ್ರಣ್ಣ. ನಾನು ಬಂದಿದ್ದೆ."

"ಆ ಎರಡು ದಿನ ಬಿಟ್ಟಿದ್ದು ನೀವಾ?"

"ನನ್ನ ಯಾರು ಕೇಳಿದ್ರು?"

ಓಂಕಾರಮೂರ್ತಿಯವರು ನಕ್ಕು ಕೈಯಾಡಿಸಿದರು. "ಬೋರ್ಡಲ್ಲಿ ಕೂರೋರು ಹಣ್ಣು ಕೊಯ್ಯಾಕೆ ಬರ್ಬೇಕು ಅಂತೇನಿಲ್ಲಮ್ಮ."

"ಹಂಗಾದ್ರೆ ನಾನು ಬೋರ್ಡಲ್ವಾ? ಇಲ್ಲಿ ಕಸ ಗುಡಿಸಾಕೆ ಬಂದು ಕೂತಿದೀನಾ?" ಎಂದರು ಗಿಡ್ಡಮ್ಮ.

ರೇವತಿ ನಗು ತಡೆದುಕೊಳ್ಳಲು ನೀರು ಕುಡಿದಳು.

ಹೇಳಬೇಕಾದದ್ದು ನನಗೆ ಕಷ್ಟವಾಯಿತು. ಹದಿನೇಳು ದಿನದಿಂದ ಎಲ್ಲರೂ ನನಗೆ ಏನಾದರೊಂದು ಕೊಡುತ್ತಲೇ ಇದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಸರದಿಯಿಂದ ಹೊರಗಾದರೆ ಈ ಊರಲ್ಲಿ ನನ್ನ ಮನೆಗೆ ಬರಲೇಬೇಕಾದವರು ಯಾರೂ ಇರುವುದಿಲ್ಲ, ನಾನು ಹೋಗಲೇಬೇಕಾದ ಮನೆಯೂ ಇರುವುದಿಲ್ಲ. ಬೋರ್ಡಿನ ಕುರ್ಚಿ ಒಂದು ಇರುತ್ತದೆ, ಅಷ್ಟೆ.

"ಜೀಪು ಬೇಡ ಸಾರ್," ಎಂದೆ. "ನಮ್ಮನೆ ಸರದಿಯಲ್ಲಿ ಇದ್ದರೆ ಸಹಿ ಹಾಕುತ್ತೇನೆ. ಅವರ ಎರಡು ದಿನ ನಾನು ತೀರಿಸುತ್ತೇನೆ."

"ಮನೆಯವರು ಏನಂತಾರೆ?" ಎಂದರು ಓಂಕಾರಮೂರ್ತಿಯವರು.

"ಮನೆಯಲ್ಲಿ ಈಗ ನಾನೊಬ್ಬಳೇ."

ಓಂಕಾರಮೂರ್ತಿಯವರು ತಲೆಯಾಡಿಸಿದರು. ಸಹಿ ಹಾಕಿದೆ.

ಮೆಟ್ಟಿಲಿಳಿಯುವಾಗ, "ನಂಗೆ ಬೇಗ ಕೊಯ್ಯಕ್ಕೆ ಬರಲ್ಲ," ಎಂದು ಗಿಡ್ಡಮ್ಮನಿಗೆ ಹೇಳಿದೆ.

"ಚಂದ್ರಣ್ಣ ಎಂತ ದೊಡ್ಡ ಕೆಲ್ಸಗಾರ್ರು? ಅರ್ಧ ದಿನ ಫೋನು, ಅರ್ಧ ದಿನ ಹಾಡು. ನಾಳೆ ಏಳೂವರೆಗೆ ಬನ್ನಿ."

ಅವರು ಹಾಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಮದುವೆಯಾದ ಆರು ವರ್ಷದಲ್ಲಿ ಮನೆಯಲ್ಲಿ ಒಮ್ಮೆಯೂ ಹಾಡಿರಲಿಲ್ಲ.

ಮಂಗಳವಾರ ಅವರ ಕೊಯ್ಲಿನ ಚೀಲ ಹುಡುಕಿ ಸೊಂಟಕ್ಕೆ ಕಟ್ಟಿಕೊಂಡೆ. ಹಗ್ಗದ ಗಂಟು ಅವರ ಅಳತೆಯಲ್ಲೇ ಇತ್ತು. ಬಿಚ್ಚಲು ಮನಸ್ಸಾಗಲಿಲ್ಲ. ಸಡಿಲವಾಗಿ ಉಳಿದ ಹಗ್ಗವನ್ನು ತಿರುಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಗಿಡ್ಡಮ್ಮ ತಮ್ಮ ಪಕ್ಕದ ಸಾಲು ಕೊಟ್ಟರು. "ಹಸುರು ಬಿಡಿ, ಕೆಂಪು ಮಾತ್ರ," ಎಂದು ಎರಡು ಸಲ ಹೇಳಿದರು. ಮೂರನೇ ಸಲ ಬೈದರು. "ಅಯ್ಯೋ, ತೊಟ್ಟು ಸಮೇತ ಕಿತ್ತರೆ ಬರೋ ವರ್ಷ ನಿಮ್ಮಪ್ಪ ಬಂದು ಹೂ ಕಟ್ತಾರಾ?" ಯಾರಾದರೂ ನನ್ನನ್ನು ಬೈದು ಎಷ್ಟೋ ದಿನವಾಗಿತ್ತು. ಅವರಿಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಗಿಡ ಹಿಡಿದುಕೊಂಡು ನಿಂತೆ.

ಬುಧವಾರವೂ ಹೋದೆ. ಬೆರಳುಗಳು ಕಪ್ಪಾಗಿ ಅಂಟಂಟಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಇಷ್ಟು ದಿನದ ಮಂಕು ಬಿಟ್ಟು, ಬೆನ್ನಿನಲ್ಲಿ ನೋವು ಎಲ್ಲಿದೆ ಎಂದು ಗೊತ್ತಾಗುವಷ್ಟು ಎಚ್ಚರವಾಗಿದ್ದೆ. ಚಂದ್ರಶೇಖರ ಹಾಡುತ್ತಿದ್ದ ಹಾಡು ಯಾವುದೆಂದು ಗಿಡ್ಡಮ್ಮನನ್ನು ಕೇಳಬೇಕು ಎಂದು ಎರಡು ದಿನವೂ ಅಂದುಕೊಂಡೆ. ಕೇಳಲಿಲ್ಲ.

ನಾಲ್ಕೂವರೆಗೆ ಗಿಡ್ಡಮ್ಮನ ಅಂಗಳದಲ್ಲಿ ಕೊನೆಯ ಚೀಲ ಸುರಿದೆ. ಅವರು ಹಣ್ಣನ್ನು ಕೈಯಲ್ಲಿ ಹರಡಿ, ನಡುವೆ ಸಿಕ್ಕ ಎರಡು ಹಸುರು ಕಾಯಿ ಆರಿಸಿ ನನ್ನ ಮುಂದೆ ಹಿಡಿದರು.

"ತೀರ್ತು," ಎಂದರು. "ಚಂದ್ರಣ್ಣಂದು ಎರಡೂ ದಿನ ಬಂತು."

ಚಂದ್ರಶೇಖರ ಗಿಡ್ಡಮ್ಮನನ್ನು ಇನ್ನೂ ನಾಲ್ಕು ದಿನ ಹೆಚ್ಚಿಗೆ ಕರೆದಿರಬಾರದಿತ್ತೇ, ಅನ್ನಿಸಿತು. ಖಾಲಿ ಚೀಲವನ್ನು ಕೊಡವಿ, ಸೊಂಟದಲ್ಲೇ ಇರಲಿ ಎಂದು ಬಿಟ್ಟು, ಮನೆಯ ಕಡೆ ನಡೆದೆ.