ಕೊನೆಯ ಹಿಡಿ

ಅಮೃತಹಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಮಸಾಲೆ ಹುರಿಯುವ ದಿನ ಮೊದಲೆಲ್ಲ ರಸ್ತೆ ತುಂಬ ಘಮ ಹರಡುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದವರು ಮೂಗರಳಿಸಿ, "ಶಹರ್ಬಾನು ಬಾಣಲೆ ಇಟ್ಟಳು" ಎನ್ನುತ್ತಿದ್ದರು. ಶಹರ್ಬಾನು ತೀರಿಕೊಂಡ ಮೇಲೆ ಆ ಘಮವೂ ಹೊರಗೆ ಬರಲಿಲ್ಲ. ಅವಳ ಮಗಳು ಗಜಾಲಾ ಶೆಡ್ಡಿನ ಕಿಟಕಿಗಳನ್ನು ಮುಚ್ಚಿಸಿದ್ದಳು.

ಅದಕ್ಕೆ ಕಾರಣವಿತ್ತು. ಅಮ್ಮಿ ಹೋದ ಕೆಲವೇ ತಿಂಗಳಲ್ಲಿ ಯಶವಂತಪುರದ ಅಂಗಡಿಗಳಲ್ಲಿ ತಮ್ಮದನ್ನೇ ಹೋಲುವ ಹಸಿರು ಪ್ಯಾಕೆಟ್ಟೊಂದು ಕಾಣಿಸಿಕೊಂಡಿತು. ಯಾರೋ ನಮ್ಮ ಹದ ಕದ್ದಿದ್ದಾರೆ ಎಂದು ತಮ್ಮ ಮುಜಫ್ಫರ್ ಕುದಿದುಹೋದ. ಅಕ್ಕ ತಮ್ಮ ಸೇರಿ ಬಾಗಿಲಿಗೆ ಒಳಚಿಲಕ ಹಾಕಿಸಿದರು. ಅಂಗಡಿಯವರು ಬಂದು ರುಚಿ ನೋಡಿ ಹೋಗುವ ವಾಡಿಕೆ ನಿಂತಿತು. ವಾಸನೆಯಿಂದಲೇ ಮಸಾಲೆಯ ಗುಟ್ಟು ಪತ್ತೆ ಹಚ್ಚುವವರಿದ್ದಾರಂತೆ ಎಂದು ಮುಜಫ್ಫರ್ ಎಲ್ಲೋ ಕೇಳಿ ಬಂದಿದ್ದರಿಂದ ಎಕ್ಸಾಸ್ಟ್ ಫ್ಯಾನಿನ ಬಾಯಿಗೂ ಪ್ಲೈವುಡ್ ಬಡಿದಾಯಿತು.

ಗಜಾಲಾ ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು. ಅಮ್ಮಿಯ ಬೊಗಸೆ, ಚಿಟಿಕೆಗಳನ್ನೆಲ್ಲ ಒಂದೊಂದಾಗಿ ತೂಕಕ್ಕೆ ತಂದಿದ್ದಳು. ತೂಕಕ್ಕೆ ಸಿಗದೆ ಉಳಿದದ್ದು ಒಂದೇ, ಕೊನೆಯ ಹಿಡಿ. ಲವಂಗ, ಚಕ್ಕೆಯ ಘಾಟು ಮೂಟೆಯಿಂದ ಮೂಟೆಗೆ ಬದಲಾಗುತ್ತದಲ್ಲ. ಹಾಗಾಗಿ ಮಸಾಲೆಯನ್ನೆಲ್ಲ ಬೀಸಿದ ಮೇಲೆ ಬಿಸಿ ಅನ್ನದ ಮೇಲೆ ಒಂದು ಚಿಟಿಕೆ ಉದುರಿಸಿ, ಮೂಸಿ, ಸಾಲದಿದ್ದರೆ ಲವಂಗ ಚಕ್ಕೆಯ ಪುಡಿಯನ್ನು ಹಿಡಿಯಲ್ಲಿ ತೆಗೆದು ಬೆರೆಸಬೇಕು. ಸಾಕೋ ಬೇಕೋ ಎಂದು ಮೂಗೇ ಹೇಳಬೇಕು. ಈಗ ಆ ಹಿಡಿ ಗಜಾಲಾಳದು. ಜೊತೆಗೆ ಮೂಸುವವಳು ಹಳೆಯ ಕೆಲಸದಾಕೆ ಮುನ್ನಿ.

ಬಕ್ರೀದ್ ಹತ್ತಿರ ಬಂದಿದ್ದ ಒಂದು ದಿನ ಇಬ್ಬರೂ ಅನ್ನದ ತಟ್ಟೆಗೆ ಬಗ್ಗಿದ್ದಾಗ ಮುಜಫ್ಫರ್ ಬಾಗಿಲು ತಟ್ಟಿದ. ಹೆಗಲ ಮೇಲಿದ್ದ ಡಬ್ಬವನ್ನು ಧೊಪ್ಪೆಂದು ಇಳಿಸಿದ. ಆರ್‌.ಟಿ. ನಗರದ ಅಂಗಡಿಯಿಂದ ವಾಪಸ್ ಬಂದ ಮಾಲು.

"ಬಕ್ರೀದ್ ಮುಗೀಲಿ ಆಪಾ, ಶೆಡ್ ಬಿಟ್ಬಿಡೋಣ. ನಾನು ಆ ಹಸಿರು ಪ್ಯಾಕೆಟ್ಟಿನವರ ಮಾಲನ್ನೇ ಅಂಗಡಿಗಳಿಗೆ ಹಾಕ್ತೀನಿ."

"ಅಮ್ಮಿಯ ಬಾಣಲೆ ಮಾರಿ ಕಳ್ಳರ ಹತ್ರ ಕೆಲಸಕ್ಕೆ ಹೋಗ್ತೀಯಾ?"

"ಕೆಲಸ ಅಂತ ಒಂದಿರುತ್ತಲ್ಲ!"

"ನಮ್ಮ ಮಸಾಲೆ ಕೆಟ್ಟಿಲ್ಲ ಕಣೋ, ಜನರ ನಾಲಿಗೆ ಕೆಟ್ಟಿದೆ" ಎಂದಳು ಮುನ್ನಿ. ಗಜಾಲಾ ಅನ್ನ ಮೂಸಿದಳು. ಏಕೋ ಸಪ್ಪೆ ಅನಿಸಿತು. ಇನ್ನೊಂದು ಹಿಡಿ ಹಾಕಿದಳು.

ಆಗ ಮತ್ತೆ ಬಾಗಿಲು ಬಡಿದ ಸದ್ದು. ಈ ಸಲ ಊರುಗೋಲಿನಿಂದ. ಪಕ್ಕದ ಮನೆಯ ಮರಿಯಮ್ಮ. ಶೆಡ್ಡಿನ ಜಾಗ ಅವರದೇ. ಕೈಯಲ್ಲಿ ಇವರದೇ ಮಸಾಲೆಯ ಅರ್ಧ ಖಾಲಿಯಾದ ಪ್ಯಾಕೆಟ್ಟಿತ್ತು. ಒಳಗೆ ಒಂದು ಹೆಜ್ಜೆ ಇಟ್ಟವರೇ ಸೀನಿದರು. ಮತ್ತೆ ಸೀನಿದರು.

"ಅಯ್ಯೋ ಶಿವನೇ, ಇದರೊಳಗೆ ಎಂಗವ್ವ ಉಸಿರಾಡ್ತೀರಾ? ನಿನ್ನೆ ಮೊಮ್ಮಗಳಿಗೆ ಕಿವಿ ಚುಚ್ಚೋ ಶಾಸ್ತ್ರ, ಬಾಡೂಟ ಮಾಡ್ಸಿದ್ವಿ. ಸಾರು ಅಂತ ಬಡಿಸಿದ್ರೆ ಲವಂಗದ ಕಷಾಯ! ಬೀಗರು ನಕ್ಕೊಂಡು ಓದ್ರು. ಇದು ನಿಮ್ಮಮ್ಮನ ಮಸಾಲೆನಾ?"

ಮುಜಫ್ಫರನ ಮುಖ ಬಿಗಿಯಿತು. "ಅಡುಗೆಯವನು ಜಾಸ್ತಿ ಹಾಕಿರ್ತಾನೆ ದೊಡ್ಡಮ್ಮ."

"ಅಡುಗೆ ಮಾಡಿದ್ದು ನಾನೇ ಕಣಲಾ!"

ಗಜಾಲಾಗೆ ಅಳು ಬಂದಷ್ಟೇ ಕೋಪವೂ ಬಂತು. "ಎಲ್ಲಾ ಅಮ್ಮಿ ಲೆಕ್ಕದಲ್ಲೇ ಇದೆ ದೊಡ್ಡಮ್ಮ. ಈಗಷ್ಟೇ ಮೂಸಿದೆ. ಸಪ್ಪೆನೇ ಇದೆ."

"ಸಪ್ಪೆ!" ಮರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಮ್ಮಮ್ಮ ಕೊನೆ ಹಿಡಿ ಆಕೋಕೆ ಮುಂಚೆ ನಮ್ಮ ಜಗಲಿಗೆ ಬಂದು ಕೂರೋಳು. ಕಾಫಿ ಕುಡಿದು, ಊರೋರ ಸುದ್ದಿನೆಲ್ಲಾ ಜಾಡಿಸಿ, ಆಮೇಲೆ ಎದ್ದು ಓಗೋಳು. ನೀನು ಬರಲ್ಲ, ನನ್ನನ್ನೂ ಕರೆಯಲ್ಲ. ಬಾ ಇವತ್ತು, ನಮ್ಮನೆ ಕಾಫಿ ಕುಡಿ. ಬೈಸ್ಕೊಂಡೋಳಿಗೆ ಕಾಫಿನಾದ್ರೂ ಬೇಡ್ವಾ?"

ಇಷ್ಟು ಹಿರಿಯರು ಕೈ ಹಿಡಿದಾಗ ಕಿತ್ತುಕೊಳ್ಳಲಾಗದೆ ಗಜಾಲಾ ಹೊರಟಳು. ಅಮ್ಮಿಯ ಆ ಹರಟೆ ಅವಳಿಗೆ ನೆನಪಿತ್ತು. ಬೀಸಿದ ಮಸಾಲೆ ಆರುತ್ತಿರುವಾಗ ಅಮ್ಮಿ ಜಗಲಿಯಲ್ಲಿ ನಗುತ್ತಾ ಕೂರುವುದನ್ನು ಕಂಡು, ಎಷ್ಟು ಹೊತ್ತು ಹಾಳು ಎಂದು ಗೊಣಗಿದವಳು ತಾನೇ. ಕೆಲಸವನ್ನು ಅಚ್ಚುಕಟ್ಟು ಮಾಡುವಾಗ ಮೊದಲು ಕಿತ್ತುಹಾಕಿದ್ದೂ ಅದನ್ನೇ.

ಹೊಂಗೆ ಮರದ ನೆರಳಲ್ಲಿ ಜಗಲಿ ತಣ್ಣಗಿತ್ತು. ಮರಿಯಮ್ಮ ಬೀಗರನ್ನು ಬೈದರು, ರಸ್ತೆ ಅಗೆದವರನ್ನು ಬೈದರು, ಶಹರ್ಬಾನು ಮಾಡುತ್ತಿದ್ದ ಅಣಕಗಳನ್ನು ನೆನೆದು ನಕ್ಕರು. ಗಜಾಲಾ ಕೂಡ, ಎಷ್ಟೋ ದಿನದ ಮೇಲೆ, ಹೊಟ್ಟೆ ಹಿಡಿದು ನಕ್ಕಳು. ಕಾಫಿಯ ಲೋಟ ಕೆಳಗಿಟ್ಟು ಶೆಡ್ಡಿಗೆ ಮರಳಿ ಬಾಗಿಲು ನೂಕಿದಳು.

ಲವಂಗದ ಘಾಟು ಮುಖಕ್ಕೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಸೀನು ತಡೆಯಲಾಗಲಿಲ್ಲ.

ಬಾಗಿಲಲ್ಲೇ ನಿಂತುಬಿಟ್ಟಳು. ಕಾಲೇಜಿನ ಲ್ಯಾಬಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ತಯಾರಿಸುವಾಗ ಮೇಷ್ಟ್ರು ಎಚ್ಚರಿಸುತ್ತಿದ್ದರು: ವಾಸನೆ ನಿಂತಿತೆಂದರೆ ಅನಿಲ ಹೋಯಿತು ಎಂದಲ್ಲ, ಮೂಗು ಹೇಳುವುದನ್ನು ನಿಲ್ಲಿಸಿರಬಹುದು. ಅದೇ ಕಾಲೇಜಿನಲ್ಲಿ ತೆರೆದ ವ್ಯವಸ್ಥೆ, ಮುಚ್ಚಿದ ವ್ಯವಸ್ಥೆ ಎಂದು ಬೀಕರುಗಳ ಸುತ್ತ ಚುಕ್ಕಿಗೆರೆ ಎಳೆದು, ಒಳಗೇನು ಹೋಗುತ್ತದೆ, ಹೊರಗೇನು ಬರುತ್ತದೆ ಎಂದು ಬರೆದು ಅಂಕ ಗಳಿಸಿದ್ದಳು. ಈ ಶೆಡ್ಡಿನ ಸುತ್ತ ಆ ಗೆರೆ ಎಳೆದು ನೋಡಬೇಕೆಂದು ಎಂದೂ ಹೊಳೆದಿರಲಿಲ್ಲ. ಫ್ಯಾನು ಮುಚ್ಚಿದರು, ಮೂಗು ಮೊದ್ದಾಯಿತು, ಮಸಾಲೆ ಸಪ್ಪೆ ಅನಿಸಿತು, ಹಿಡಿ ಹೆಚ್ಚಿತು, ಗಿರಾಕಿ ದೂರವಾದರು, ಕಳ್ಳರ ಭಯ ಏರಿ ಇನ್ನಷ್ಟು ಮುಚ್ಚಿದರು. ಹೊರಗಿನಿಂದ ಒಂದು ಮಾತೂ ಒಳಗೆ ಬರದಂತೆ ತಾವೇ ನೋಡಿಕೊಂಡಿದ್ದರು.

"ಮುಜಫ್ಫರ್, ಆ ಪ್ಲೈವುಡ್ ಕೀಳು."

"ಆಪಾ, ವಾಸನೆ ರಸ್ತೆಗೆ—"

"ಹೋಗ್ಲಿ. ನೀನೂ ಹೊರಗೆ ಹೋಗಿ ಟೀ ಕುಡಿದು ಬಾ, ಆಮೇಲೆ ಈ ಅನ್ನ ಮೂಸು."

ಮುಜಫ್ಫರ್ ಹೋಗಿ ಬಂದ, ಮೂಸಿದ, ಮುಖ ಕಿವುಚಿದ. ಮುನ್ನಿಯ ಕಡೆ ತಿರುಗಿ, "ಕೆಟ್ಟಿದ್ದು ಯಾರ ನಾಲಿಗೆ?" ಎಂದ.

"ನನ್ನದು ನಾಲಿಗೆ ಅಲ್ಲ, ಮೂಗು" ಎಂದಳು ಮುನ್ನಿ, ಸೋಲೊಪ್ಪದೆ.

ಮರುದಿನ ಮುಜಫ್ಫರ್, ತಮ್ಮ ಮಾಲು ಕೈಬಿಟ್ಟಿದ್ದ ಅಂಗಡಿಗಳಿಗೆಲ್ಲ ಹೋದ. ಈ ಸಲ ಮಾರಲಿಕ್ಕಲ್ಲ, ಕೇಳಲಿಕ್ಕೆ. "ಜಾಸ್ತಿ ಘಾಟು ಅಂತ ಹೇಳೋಣಾಂತಿದ್ದೆ ಗುರು, ನೀವು ಬಾಗಿಲೇ ತೆಗೀತಿರ್ಲಿಲ್ಲ" ಎಂದನಂತೆ ಯಶವಂತಪುರದ ಮುರುಗೇಶ್. ಹೊಸದು ಸರಿ ಬಂದರೆ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದ್ದ. ಶೆಡ್ ಬಿಡುವ ಮಾತನ್ನು ಮುಜಫ್ಫರ್ ಆಮೇಲೆ ಎತ್ತಲಿಲ್ಲ; ತಾನೇ ಏಣಿ ಹತ್ತಿ ಫ್ಯಾನಿನ ರೆಕ್ಕೆ ಒರೆಸಿದ.

ಮುಂದಿನ ಸಲ ಮಸಾಲೆ ಬೀಸಿದಾಗ ಗಜಾಲಾ ಅನ್ನದ ತಟ್ಟೆಯನ್ನೇ ಜಗಲಿಗೆ ಒಯ್ದಳು. ತಾನು ಹೊತ್ತು ಹಾಳು ಎಂದುಕೊಂಡಿದ್ದನ್ನು ಅಮ್ಮಿ ಎಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು! ಅವಳಿಗೆ ಈ ಮೂಗಿನ ವಿಷಯ ತಿಳಿದಿತ್ತೋ, ಬರೀ ಕಾಫಿಯ ಆಸೆಯೋ, ಈಗ ಕೇಳುವಂತಿಲ್ಲ. ಯಾವುದಾದರೂ ಸರಿ, ಮನಸ್ಸು ತುಂಬಿ ಬಂತು. ಇನ್ನು ಈ ಮುದುಕಿ. ಎಷ್ಟು ಜನ ಸುಮ್ಮನೆ ಬೇರೆ ಪ್ಯಾಕೆಟ್ಟು ಕೊಂಡು ಹೋಗಿದ್ದರು! ಇವರೊಬ್ಬರು ಊರುಗೋಲು ಹಿಡಿದು ಬಂದು ಬೈದಿದ್ದರು.

"ದೊಡ್ಡಮ್ಮ, ಅವತ್ತು ನೀವು ಬರದೇ ಇದ್ದಿದ್ರೆ..."

"ಮಾತು ಸಾಕು, ತತ್ತಾ ಇಲ್ಲಿ." ಮರಿಯಮ್ಮ ತಟ್ಟೆ ಎಳೆದುಕೊಂಡು ಮೂಸಿದರು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದರು.

"ಎದರಿಕೊಂಡು ಆಕಿದ್ದೀಯ. ಇನ್ನರ್ಧ ಹಿಡಿ ಬೇಕು."

ಗಜಾಲಾ ನಗುತ್ತಾ ಶೆಡ್ಡಿನ ಕಡೆ ಓಡಿದಳು. ಬಾಗಿಲು ತೆರೆದೇ ಇತ್ತು.