ಎಡಗೈ ಪಾಠ

ಅಪ್ಪನ ಮೈಯಲ್ಲಿ ಇನ್ನೂ ಹೇಳಿದ ಮಾತು ಕೇಳುತ್ತಿದ್ದದ್ದು ಎರಡೇ, ಕುತ್ತಿಗೆ ಮತ್ತು ನಾಲಿಗೆ. ತನ್ನ ಕ್ಷೌರದಂಗಡಿಯ ಬೋರ್ಡಿಗೆ ಬಲ್ಬು ಹಾಕಲು ಸ್ಟೂಲು ಹತ್ತಿದವನು ಬೆನ್ನಡಿಯಾಗಿ ಬಿದ್ದ. ಎದ್ದದ್ದು ಬೇರೆಯವರ ತೋಳಿನಲ್ಲಿ. ಜೀವಮಾನವಿಡೀ ಊರವರ ಗಡ್ಡ ಹೆರೆದ ಕೈಗಳು ಈಗ ಹೊದಿಕೆಯ ಮೇಲೆ ಯಾರೋ ಮರೆತು ಹೋದ ಸಾಮಾನಿನಂತೆ ಬಿದ್ದಿರುತ್ತಿದ್ದವು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಆಗಿದ್ದರೆ ಮನೆಯವರಿಗೆ ಅಷ್ಟಾದರೂ ನೆಮ್ಮದಿ ಸಿಗುತ್ತಿತ್ತೇನೋ.

ಆ ನಾಲಿಗೆ ಬೇಡುತ್ತಿದ್ದದ್ದು ಒಂದನ್ನೇ. ಸೊಸೆ ಊಟ ಮಾಡಿಸಲು ಬಂದರೆ, "ಇದರಲ್ಲಿ ಏನಾದ್ರೂ ಬೆರೆಸಿ ಕೊಡಮ್ಮ, ನಿನಗೆ ಪುಣ್ಯ ಬರುತ್ತೆ." ಮಗ ಮಗ್ಗುಲು ಹೊರಳಿಸಲು ಬಂದರೆ, "ದಿಂಬು ತಲೆ ಕೆಳಗೆ ಯಾಕೋ? ಮುಖದ ಮೇಲಿಟ್ಟು ಹೋಗು." ಸೊಸೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋಗುತ್ತಿದ್ದಳು. ಮಗ "ಸುಮ್ನಿರಪ್ಪ" ಅನ್ನುತ್ತಿದ್ದ. ಪಾಪ, ಅವನಾದರೂ ಇನ್ನೇನು ಅಂದಾನು?

ಮಗ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನಿಗೆ ಬೀದಿಯಲ್ಲಿ ಸುತ್ತಿಗೆ ಅಂತಲೇ ಹೆಸರು, ಇಟ್ಟವನು ಹೆತ್ತ ಅಪ್ಪನೇ. ಎಳೆಯ ವಯಸ್ಸಿನಲ್ಲಿ ಅಂಗಡಿಯಲ್ಲಿ ಕತ್ತರಿ ಹಿಡಿಸಿದರೆ ಮೊದಲ ಗಿರಾಕಿಯ ಕೂದಲಿನ ಜೊತೆ ಕಿವಿಯ ಅಂಚನ್ನೂ ಸೇರಿಸಿ ಕತ್ತರಿಸಿದ್ದ. "ಇದು ಕೈಯಲ್ಲ, ಸುತ್ತಿಗೆ" ಅಂತ ಅಪ್ಪ ಎಲ್ಲರ ಮುಂದೆ ಅಂಗಡಿಯಿಂದ ಅಟ್ಟಿದ. ಎಲ್ಲರೂ ಹಾಗೆ ಕರೆಯುವಾಗ ಮಗ ನಗುತ್ತಿದ್ದ, ಆದರೆ ಅದು ಉಗುರಿನ ಸಂದಿಗೆ ಸೇರಿದ ಸಿಬಿರಿನಂತೆ ಚುಚ್ಚುತ್ತಲೇ ಇತ್ತು. ಎಂಥ ಕೆಟ್ಟ ಎಂಜಿನ್ ರಿಪೇರಿ ಮಾಡಿದರೂ ಅಪ್ಪನ ಬಾಯಿಂದ ಒಂದು 'ಪರವಾಗಿಲ್ಲ' ಬಂದದ್ದಿಲ್ಲ. ತಲೆ ನರೆಯುವ ವಯಸ್ಸಿನಲ್ಲೂ ಅವನು ಅದೊಂದು ಮಾತಿಗೆ ಕಾಯುತ್ತಿದ್ದ. ಹಾಗೆ ಕಾಯುವುದು ನಾಚಿಕೆಗೇಡು ಅಂತ ಅವನಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಸಾವಿನ ಮಾತು ಬಿಟ್ಟು, "ಗಡ್ಡ ತೆಗೆಯೋ" ಅಂದ.

ಮಗ ಕಿರಾಣಿ ಅಂಗಡಿಗೆ ಓಡಿ ಪ್ಲಾಸ್ಟಿಕ್ ರೇಜರ್ ತಂದ. ಅಪ್ಪ ಮುಖ ಸಿಂಡರಿಸಿದ. "ಅದರಲ್ಲಿ ಹೆಂಗಸರು ಕಾಲು ಕೆರೆದುಕೊಳ್ಳಲಿ. ನನ್ನ ಕತ್ತಿ ತಾ. ಕಲಿಸ್ತೀನಿ."

"ನನಗಾ?"

"ಮತ್ಯಾರಿಗೆ? ಈ ಮನೇಲಿ ಸುತ್ತಿಗೆ ಬಿಟ್ರೆ ಇನ್ಯಾರಿದಾರೆ?"

ಮಗ ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಹಿಗ್ಗಿದ. "ಅಪ್ಪನಿಗೆ ಬದುಕೋ ಆಸೆ ಬಂತು ಕಣೇ!"

"ಒಂದೇ ರಾತ್ರೀಲಿ ಬರುತ್ತೇನ್ರೀ ಅದು?" ಅಂದಳು ಅವಳು.

"ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?" ಅಂತ ರೇಗಿದ. ಅವಳು ಪಾತ್ರೆಯ ಕಡೆ ತಿರುಗಿದಳು.

ಪಾಠ ಶುರುವಾಯಿತು. ಕತ್ತಿಯನ್ನು ಹದಗೊಳಿಸುವ ತೊಗಲಿನ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದಾಯಿತು. ಪಟ್ಟಿಯ ಮೇಲೆ ಎಳೆದ ಕತ್ತಿಯನ್ನು ಮಗುಚುವಾಗ ಅದರ ಬೆನ್ನಿನ ಮೇಲೆ ಹೊರಳಿಸಬೇಕು. ಮಗ ಅದರ ಹರಿತವಾದ ಬಾಯಿಯ ಮೇಲೆ ಹೊರಳಿಸಿ ಮೊದಲ ದಿನವೇ ಪಟ್ಟಿಯನ್ನು ಸೀಳಿದ. ತೀರಿಕೊಂಡ ಹೆಂಡತಿಗಿಂತ ಆ ಪಟ್ಟಿ ತನ್ನ ಜೊತೆ ಹೆಚ್ಚು ಬಾಳಿತ್ತು ಅಂತ ಅಪ್ಪ ಬಾಯಿಗೆ ಬಂದ ಹಾಗೆ ಬೈದ. ಆಮೇಲೆ ಬಲೂನಿಗೆ ನೊರೆ ಹಚ್ಚಿ ಅದು ಒಡೆಯದಂತೆ ಕತ್ತಿಯಿಂದ ತೆಗೆಯುವ ಪಾಠ. ಬಲೂನು ಒಡೆದಾಗಲೆಲ್ಲ ನೊರೆ ಇಬ್ಬರ ಮುಖಕ್ಕೂ ಸಿಡಿಯುತ್ತಿತ್ತು. ಒರೆಸಿಕೊಳ್ಳಲಾಗದ ಅಪ್ಪ ಮೂಗಿನ ಮೇಲೆ ನೊರೆ ಹೊತ್ತುಕೊಂಡೇ, "ಸತ್ತ ನಿನ್ನ ಗಿರಾಕಿ, ಮುಂದಿನವನನ್ನ ಕರಿ" ಅನ್ನುತ್ತಿದ್ದ. ಅಪ್ಪ ಬಿದ್ದ ಮೇಲೆ ಮಗ ಅವನ ನಗು ಕೇಳಿದ್ದು ಆಗಲೇ. ಕೊನೆಗೂ ಒಂದು ಬಲೂನು ಇಡಿಯಾಗಿ ಉಳಿದ ದಿನ ಅವನು ಅದನ್ನು ಅಪ್ಪನ ಮಂಚದ ಕಾಲಿಗೆ ಕಟ್ಟಿದ.

ಮೊದಲ ಸಲ ಅಪ್ಪನ ಕೆನ್ನೆಗೆ ಕತ್ತಿಯಿಟ್ಟಾಗ ಮಗನಿಗೆ ಬೆವರು ಕಿತ್ತುಕೊಂಡು ಬಂತು. ಎರಡೆಳೆ ಎಳೆದಿದ್ದನೋ ಇಲ್ಲವೋ, ಅಪ್ಪ ಗದರಿದ.

"ಎಡಗೈ ಎಲ್ಲೋ?"

ಅದು ಅವನ ಸೊಂಟದ ಮೇಲಿತ್ತು.

"ಫೋಟೋ ತೆಗೆಸ್ಕೊಳ್ತಾ ಇದೀಯಾ? ಬಲಗೈ ಇರೋದು ಕತ್ತಿ ಹಿಡಿಯೋಕೆ ಅಷ್ಟೇ. ಗಿರಾಕೀನ ನೋಡ್ಕೊಳ್ಳೋದು ಎಡಗೈ. ಚರ್ಮ ಎಳೆದು ಹಿಡಿ, ಬೆರಳು ಅಲ್ಲೇ ಇರಲಿ. ಮನುಷ್ಯ ಸೀನೋ ಮುಂಚೆ, ಕೆಮ್ಮೋ ಮುಂಚೆ ಒಳಗೆ ಒಂದು ಬಿಗಿ ಬರುತ್ತೆ. ಬೆರಳಿಗೆ ಅದು ತಿಳಿದ ಕ್ಷಣ ಕತ್ತಿ ಗಾಳೀಲಿರ್ಬೇಕು. ಯೋಚನೆ ಮಾಡ್ತಾ ನಿಂತೆ, ಮುಗೀತು ಅವನ ಕಥೆ."

ಅಷ್ಟು ಹೇಳಿದವನು ತಟ್ಟನೆ ಬಾಯಿ ಮುಚ್ಚಿಕೊಂಡ. ಗೋಡೆಯ ಕಡೆ ಮುಖ ಹೊರಳಿಸಿ, "ಬಿಡು, ಅದೆಲ್ಲ ನಿನಗೆ ಬರಲ್ಲ. ಬಲಗೈ ಒಂದೇ ಸಾಕು" ಅಂದ.

ಮಗ ಬಿಡಲಿಲ್ಲ. ಓಡುವ ಎಂಜಿನ್ನಿನ ಮೇಲೆ ಅಂಗೈಯಿಟ್ಟು ಒಳಗಿನ ಬಡಿತ ಎಲ್ಲಿಯದೆಂದು ಹೇಳುವುದೇ ಅವನ ದಿನದ ಕೆಲಸ. ಅಪ್ಪ ಹೇಳಿದ್ದು ಅವನಿಗೆ ಅರ್ಥವಾದಷ್ಟು ಚೆನ್ನಾಗಿ ಅಂಗಡಿಯಲ್ಲಿ ಕಲಿತ ಯಾರಿಗೂ ಅರ್ಥವಾಗಿರಲಿಕ್ಕಿಲ್ಲ. ಅಡುಗೆಮನೆಯಲ್ಲಿ ಹೆಂಡತಿಯನ್ನು ಕೂರಿಸಿ, ಅವಳ ಕೆನ್ನೆಯ ಮೇಲೆ ಎಡಗೈ ಬೆರಳು, ಪಕ್ಕದಲ್ಲಿ ಚಮಚದ ಹಿಡಿಕೆ ಇಟ್ಟು, "ನನಗೆ ಹೇಳದೆ ಅಲುಗಾಡು" ಅನ್ನುತ್ತಿದ್ದ. ಅವಳು ಕಚಗುಳಿಯಾಗಿ ಕಿಸಕ್ಕನೆ ನಗುತ್ತಿದ್ದಳು. ಅಷ್ಟರಲ್ಲಿ ಚಮಚ ಮೇಲೆದ್ದಿರುತ್ತಿತ್ತು.

ಕೆನ್ನೆ ಪಳಗಿದ ಮೇಲೆ ಒಂದು ದಿನ ಅಪ್ಪ, "ಇವತ್ತು ಕುತ್ತಿಗೆ" ಅಂದ. ಅಂದು ಅವನು ಬಲು ಮೆತ್ತಗಿದ್ದ. ಸೊಸೆಯನ್ನು ಕರೆದು, "ನಿನ್ನ ಕೈಯ ಊಟ ಚೆನ್ನಾಗಿರ್ತಿತ್ತಮ್ಮ" ಅಂದ. ಅವಳು ಗಂಡನನ್ನು ಬಾಗಿಲ ಹೊರಗೆ ಎಳೆದಳು.

"ಮಾವ ನನ್ನ ಹತ್ರ ಹೀಗೆ ಮಾತಾಡಿದ್ದೇ ಇಲ್ಲ ರೀ. ಬೇಡ, ಇವತ್ತು ಬಿಟ್ಟುಬಿಡಿ."

"ಒಳ್ಳೇ ಮಾತಾಡಿದ್ರೂ ಭಯವೇನೇ ನಿನಗೆ?" ಅವನು ಬಿಸಿನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದ. ಅವಳು ಬಾಗಿಲಲ್ಲೇ ನಿಂತಳು.

ಬಿಸಿ ಟವೆಲು ಒತ್ತಿ, ದವಡೆಯಿಂದ ಎದೆಮೂಳೆಯವರೆಗೆ ನೊರೆ ಹಚ್ಚಿದ. ಅಪ್ಪ ತಾನೇ ಗದ್ದ ಎತ್ತಿ ಕೊಟ್ಟ.

"ಗಂಟಲ ಪಕ್ಕಕ್ಕೆ ಬಾ. ಒತ್ತಿ ಹಿಡಿ."

"ಒತ್ತಬಾರದು ಅಂದವನು ನೀನೇ ಅಲ್ವಾ?"

"ಕೆನ್ನೆ ಬೇರೆ, ಕುತ್ತಿಗೆ ಬೇರೆ. ಹೇಳಿದಷ್ಟು ಮಾಡು. ಎಡಗೈ ತೆಗಿ, ಬೆಳಕಿಗೆ ಅಡ್ಡ ಬರ್ತಿದೆ."

ಮಗ ಎಡಗೈ ತೆಗೆಯಲಿಲ್ಲ. ಕತ್ತಿ ಇಳಿಯಿತು, ನೊರೆ ಸರಿಯಿತು, ಕೂದಲು ಕೆರೆಯುವ ಸಣ್ಣ ಸದ್ದು ಕೇಳಿತು. ಅಷ್ಟರಲ್ಲಿ ಬೆರಳ ಕೆಳಗೆ ಒಂದು ನರ ಹಗ್ಗದಂತೆ ಬಿಗಿಯಿತು. ಅವನು ಯೋಚಿಸಲಿಲ್ಲ. ಕತ್ತಿ ಮೇಲೆದ್ದ ಮೇಲೆ ಅಪ್ಪನ ತಲೆ ದಿಂಬಿನಿಂದ ಚಿಮ್ಮಿತು. ಉಳಿದ ಅಷ್ಟೂ ಶಕ್ತಿಯಿಂದ ಆ ಕುತ್ತಿಗೆ ಕತ್ತಿಯಿದ್ದ ಜಾಗಕ್ಕೆ ನುಗ್ಗಿ, ಬರಿಯ ಗಾಳಿಗೆ ಬಡಿದು, ಮತ್ತೆ ದಿಂಬಿಗೆ ಬಿತ್ತು.

ಮಗನಿಗೆ ಮೊದಲು ಏನೂ ಹೊಳೆಯಲಿಲ್ಲ, ಕೆಮ್ಮು ಬಂತೇನೋ ಅಂದುಕೊಂಡ. ಆಮೇಲೆ ಅಪ್ಪನ ಕಣ್ಣು ನೋಡಿದ.

"ಎಡಗೈ ಕಲಿಸಬಾರದಿತ್ತು" ಅಂದ ಅಪ್ಪ. "ತಡೆಯೋಕಾಗ್ಲಿಲ್ಲ. ಹಾಗೆ ಸೊಂಟದ ಮೇಲೆ ಕೈಯಿಟ್ಟು ಕ್ಷೌರ ಮಾಡೋದನ್ನ ನೋಡೋಕಾಗ್ಲಿಲ್ಲ ನನಗೆ."

"ನನ್ನ ಕೈಯಿಂದ ಮಾಡಿಸ್ತಿದ್ಯಾ? ಆಮೇಲೆ ನಾನು ಹೇಗಪ್ಪಾ ಬದುಕಬೇಕಿತ್ತು?"

"ನಿನ್ನನ್ನ ಯಾರೂ ಏನೂ ಅಂತಿರಲಿಲ್ಲ ಕಣೋ. ಸುತ್ತಿಗೆ ಕೈ, ತಪ್ಪಿತು ಅಂದ್ಕೊಳ್ತಿದ್ರು. ಅದಕ್ಕೇ ನಿನ್ನನ್ನ ಆರಿಸಿದ್ದು."

ನೊರೆ, ಬಲೂನು, ನಗು ಎಲ್ಲಾ ಇದಕ್ಕೆ. ಅಪ್ಪ ಕೊನೆಗೂ ತನ್ನ ಕೈಯನ್ನು ನಂಬಿದ ಅಂತ ಗ್ಯಾರೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದ ಮೂರ್ಖ ತಾನು. ಅಪ್ಪ ನಂಬಿದ್ದು ಆ ಕೈ ತಪ್ಪುತ್ತದೆ ಅನ್ನುವುದನ್ನು. ಮಗನಿಗೆ ಹೇಸಿಗೆಯಾಯಿತು, ಸಿಟ್ಟು ಬಂತು, ಮತ್ತೆ ಆ ಅಲುಗಾಡದ ಕೈಗಳನ್ನು ಕಂಡು ಮರುಕವೂ ಹುಟ್ಟಿತು. ಕತ್ತಿ ಮಡಚಿ ಜೇಬಿಗೆ ಹಾಕಿ ಬಾಗಿಲವರೆಗೆ ಹೋದ.

"ಅರ್ಧ ಬಿಟ್ಟು ಹೋಗ್ಬೇಡ್ವೋ" ಅಂದ ಅಪ್ಪ. "ಎಷ್ಟು ಬೇಗ ಎತ್ತಿದೆ ನೀನು... ನನಗೇ ಆಗ್ತಿರಲಿಲ್ಲ. ಒಳ್ಳೇ ಕೈ ಕಣೋ ನಿನ್ನದು. ಹಾಳಾಗಿ ಹೋಗಲಿ, ಬಲು ಒಳ್ಳೇ ಕೈ."

ಜೀವಮಾನವೆಲ್ಲ ಕಾದ ಮಾತು ಬಂದಿತ್ತು. ಮಗನಿಗೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅವನು ಹಿಂತಿರುಗಿ ಬಂದು, ಕತ್ತಿ ಬಿಚ್ಚಿ, ಅಪ್ಪನ ಕುತ್ತಿಗೆಯ ಮೇಲೆ ಎಡಗೈ ಇಟ್ಟ. ಅಪ್ಪ ಅಳುತ್ತಿದ್ದ. ಒಂದೊಂದು ಬಿಕ್ಕು ಬರುವ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಕತ್ತಿ ಏಳುತ್ತಿತ್ತು, ಬಿಕ್ಕು ಮುಗಿಯುವವರೆಗೆ ಕಾಯುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಕುತ್ತಿಗೆ ಪೂರ್ತಿ ನುಣುಪಾಗುವ ಹೊತ್ತಿಗೆ ಟವೆಲು ತಣ್ಣಗಾಗಿತ್ತು, ಅದರ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ.