ಮಹಾರಾಜರು ಬಂದ ದಿನದ ಬಾಗಿಲು

ಹೊಳೆನರಸೀಪುರದ ಕೋಟೆಬೀದಿಗೆ ಡ್ರಾಯಿಂಗ್ ಟೀಚರು ಸೊಸೆಯಾಗಿ ಬಂದರೆ ಬಿಟ್ಟಿ ಕೆಲಸಕ್ಕೇನೂ ಬರವಿಲ್ಲ. ತೊಂಬತ್ತೇಳನೇ ಇಸವಿಯಲ್ಲಿ ನಮ್ಮ ಸಮಾಜದವರು ಕಟ್ಟಿಸಿದ ಹೊಸ ಮದುವೆ ಛತ್ರಕ್ಕೆ ಒಂದು ದೊಡ್ಡ ಚಿತ್ರ ಬೇಕಾಯಿತು. ಹಿಂದೆ ಮಹಾರಾಜರು ನಮ್ಮ ಬೀದಿಗೆ ಬಂದಾಗಿನ ಮೆರವಣಿಗೆಯ ಚಿತ್ರ. ಛತ್ರದ ಕಾರ್ಯದರ್ಶಿ ನನ್ನ ಮಾವ ಯೋಗಾನರಸಿಂಹ, ರಿಟೈರ್ಡ್ ಹೆಡ್‌ಮಾಸ್ಟರು. ಚಿತ್ರದಲ್ಲಿ ಪೂರ್ಣಕುಂಭ ಹಿಡಿದು ಎಲ್ಲರಿಗಿಂತ ಮುಂದೆ ಅವರ ಅಪ್ಪನೇ ನಿಂತರು, ಕೇಳಬೇಕೆ! ಉಳಿದ ಮನೆಯವರೂ ತಂತಮ್ಮ ತಾತಂದಿರ ಫೋಟೊ ತಂದು, ರಾಜರ ಪಕ್ಕದಲ್ಲೇ ಬರೆಯಿರಿ ಎಂದು ನನ್ನ ತಲೆ ತಿಂದರು.

ಮಾವನ ಸೋದರತ್ತೆ ಸುಂದರಮ್ಮಜ್ಜಿ ಮಾತ್ರ ಏನೂ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಕ್ಯಾನ್ವಾಸಿನ ಮುಂದೆ ಬಂದು ಕೂತರು.

“ನಮ್ಮನೆ ಜಗಲೀನೂ ಬರೆದಿದೀಯಲ್ಲೇ ಮೈತ್ರೇಯಿ. ಅಲ್ಲೊಂದು ಮೂಲೇಲಿ ನನ್ನೂ ನಿಲ್ಸೇ. ಅವತ್ತು ರಾಜರಿಗೆ ಎದುರಾಗಬಾರದೂಂತ ನನ್ನನ್ನ ಮನೆಯೊಳಗೆ ಬಿಟ್ಟು, ಹೊರಗಿಂದ ಚಿಲಕ ಹಾಕ್ಕೊಂಡು ಹೋದ್ರು. ಓಲಗ ಕೇಳಿಸ್ತು, ಅಷ್ಟೇ.”

ಆಗ ಅಜ್ಜಿ ಹದಿನಾರರ ವಿಧವೆ. ನನಗೆ ಸಿಟ್ಟು ಬಂತು. ಅವತ್ತೇ ಕಂಬದ ಪಕ್ಕದಲ್ಲಿ ಬರೆದೆ: ಕೆಂಪು ಸೀರೆ, ಬೋಳಿಸಿದ ತಲೆ, ಎಳೆಯ ಮುಖ.

ಸಂಜೆ ಅದನ್ನು ನೋಡಿ ಮಾವ ಹೌಹಾರಿದರು. “ಹಸೆಮಣೆ ಎದುರಿಗೆ ಮಡಿಹೆಂಗಸೇನಮ್ಮಾ? ಹಣೆಗೆ ಕುಂಕುಮ ಇಡು, ಉದ್ದ ಜಡೆ ಹಾಕು. ಇಲ್ಲಾ ಅಳಿಸ್ಬಿಡು.”

“ಜಡೆ ಇರೋಳು ನಾನಲ್ಲ,” ಎಂದರು ಅಜ್ಜಿ. “ಅಳಿಸ್ಬಿಡೇ. ಬಾಗಿಲು ಮುಚ್ಚಿರೋ ಹಾಗೆ ಬರಿ. ಚಿಲಕ ಹಾಕೋದು ಮರೀಬೇಡ.”

ಹಾಗೆಯೇ ಬರೆದೆ. ಮರುದಿನ ಮಾವನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಚಿಲಕ ಕಣ್ಣಿಗೆ ಬಿತ್ತು.

“ರಾಜರು ಬರೋವಾಗ ನಮ್ಮದೊಂದೇ ಮನೆ ಬಾಗಿಲು ಹಾಕಿತ್ತೇ? ನೋಡಿದೋರು ಏನಂದ್ಕೋತಾರೆ? ಬಾಗಿಲು ತೆಗಿ.”

ಅಜ್ಜಿ ಗೋಡೆ ಹಿಡಿದು ಎದ್ದರು. “ಯೋಗೂ, ಆ ಚಿಲಕ ಹಾಕಿದ್ದು ನಿಮ್ಮಪ್ಪ. ಹಾಕಿಬಿಟ್ಟೇ ಹೋಗಿ ಕುಂಭ ಹಿಡಿದ.”

ಮಾವ ಹೆಗಲ ಮೇಲಿನ ಟವೆಲ್ಲನ್ನು ಸುಮ್ಮನೆ ಕೊಡವಿದರು. “ಏನಾದ್ರೂ ಮಾಡ್ಕೊಳ್ಳಿ” ಎಂದು ಹಿತ್ತಲಿಗೆ ಹೋದರು. ಅವರ ಮೇಲೆ ನನಗೆ ಆ ಕ್ಷಣ ಸ್ವಲ್ಪ ಮರುಕವೂ ಹುಟ್ಟಿತು.

“ಒಳಗೆ ನಾನಿದೀನಿ ಅಂತ ಜನಕ್ಕೆ ಹೇಗೆ ಗೊತ್ತಾಗತ್ತೇ?” ಅಜ್ಜಿ ಕೇಳಿದರು.

ಸಣ್ಣ ಬ್ರಷ್ ತೆಗೆದುಕೊಂಡು ಬಾಗಿಲಿನ ಮೇಲೆ ‘ಒಳಗೆ ಸುಂದರಮ್ಮ’ ಎಂದು ಬರೆದೆ. ಅಜ್ಜಿಗೆ ಅಕ್ಷರ ಬಾರದು, ಓದಿ ಹೇಳಿದೆ. ಇನ್ನೊಂದು ಸಲ ಓದಿಸಿಕೊಂಡರು.

“ಸರಿಯಾಗಿದೆ,” ಎಂದರು. “ಇನ್ನೂ ಒಳಗೇ ಇದೀನಲ್ಲೇ.”